ಸಾಲು ಎಣಿಸುವುದನ್ನು ಸರಿಯಾಗಿ ಹೇಳಿಕೊಡುವ ಜಾಗ: ಎಂಡಿಎನ್ ಬಳಸಿದ ಮೇಲೆ ನನ್ನ ಅಭಿಪ್ರಾಯ

ಪಟ್ಟಿಯಲ್ಲಿ ಒಂದು ಬಿಟ್ಟು ಒಂದು ಸಾಲಿಗೆ ಬಣ್ಣ ಬೇಕು. ಕೊನೆಯ ಸಾಲಿಗೆ ಮಾತ್ರ ಗೆರೆ ಬೇಡ. ಮೊದಲ ಮೂರು ಹೆಸರು ದಪ್ಪ ಅಕ್ಷರದಲ್ಲಿ ಬರಬೇಕು. ವೆಬ್ ಪುಟದ ಬಣ್ಣ, ಜೋಡಣೆ ಹೇಳುವ ಭಾಷೆ ಸಿಎಸ್‌ಎಸ್. ಇಂಥ ಕೆಲಸವನ್ನು ಅದರಲ್ಲಿ ಮಾಡಲು ಸೂಡೊ-ಕ್ಲಾಸ್‌ಗಳಿವೆ, ಅಂದರೆ ಯಾವ ಸಾಲು ಬೇಕು ಅಂತ ಅದರ ಜಾಗ ಅಥವಾ ಸ್ಥಿತಿ ನೋಡಿ ಆರಿಸುವ ಪದಗಳು. ಅವನ್ನು ಕಲಿಯಬೇಕು ಅಂತ ಯಾರೇ ಕೇಳಿದರೂ ನಾನು ತೋರಿಸುವುದು ವೆಬ್ ಕೆಲಸ ಹೇಳಿಕೊಡುವ ಎಂಡಿಎನ್ ವೆಬ್ ಡಾಕ್ಸ್ ಅನ್ನುವ ತಾಣ. ಅದರಲ್ಲೂ 'ಎಷ್ಟನೆಯದು' ಅಂತ ಎಣಿಸಿ ಆರಿಸುವ ಎನ್ತ್-ಚೈಲ್ಡ್ ಬಗೆಗಿನ ಪುಟ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಆಗಬೇಕಿಲ್ಲ. ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಅರ್ಧ ಎಲ್ಲಿ ಕಳೆದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ನಾನು ಸುಂಟಿಕೊಪ್ಪದಲ್ಲಿ ಕೂತು ಸಣ್ಣ ಸಣ್ಣ ವೆಬ್‌ಸೈಟ್ ಮಾಡಿಕೊಡುವವಳು. ಹೋಂಸ್ಟೇಯವರು, ಕಾಫಿ-ಮೆಣಸು ವ್ಯಾಪಾರದವರು, ಊರಿನ ಹಾಕಿ ಟೂರ್ನಿ ನಡೆಸುವವರು ನನ್ನ ಗಿರಾಕಿಗಳು. ಇವರ ಕೆಲಸದಲ್ಲಿ ಚಂದದ ಡಿಸೈನಿಗಿಂತ ಪಟ್ಟಿಗಳೇ ಜಾಸ್ತಿ. ಕಾಫಿ ರೇಟಿನ ಪಟ್ಟಿ, ರೂಮಿನ ಪಟ್ಟಿ, ಮಳೆಯ ಪಟ್ಟಿ, ಮ್ಯಾಚುಗಳ ಪಟ್ಟಿ. ಹಾಗಾಗಿ ಈ ಎನ್ತ್-ಚೈಲ್ಡ್ ನನಗೆ ದಿನದ ಕೆಲಸದ ಸಾಮಾನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೋಡನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಎಂಡಿಎನ್ ಶುರುವಾಗಿದ್ದು 2005ರಲ್ಲಿ, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರಿಂದ. 2020ರ ಡಿಸೆಂಬರಿನಿಂದ ಅದರ ಬರಹವೆಲ್ಲ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿದೆ. ತಪ್ಪು ಕಂಡರೆ ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಮೊಜಿಲ್ಲಾದವರ ಜೊತೆ ಓಪನ್ ವೆಬ್ ಡಾಕ್ಸ್ ಅನ್ನುವ ತಂಡವೂ ಬರೆಯುತ್ತದೆ, ಲೋಕದ ಮೂಲೆಮೂಲೆಯ ಸ್ವಯಂಸೇವಕರೂ ಬರೆಯುತ್ತಾರೆ. ಇದನ್ನು ಯಾಕೆ ಹೇಳಿದೆ ಅಂದರೆ, ಸಿಎಸ್‌ಎಸ್‌ನಂಥ ವಿಷಯದಲ್ಲಿ ಹಳೆಯ ಮಾಹಿತಿ ತುಂಬಾ ಕಾಟ ಕೊಡುತ್ತದೆ. ಹುಡುಕಿದರೆ ಸಿಗುವ ಎಷ್ಟೋ ಪಾಠಗಳು ಯಾವತ್ತೋ ಬರೆದು ಹಾಗೇ ಬಿಟ್ಟವು. ಎಂಡಿಎನ್ ಪುಟದ ಕೆಳಗೆ ಕೊನೆಯದಾಗಿ ಯಾವಾಗ ತಿದ್ದಿದ್ದು ಅನ್ನುವ ತಾರೀಕು ಇರುತ್ತದೆ. ನಾನು ಮೊದಲು ನೋಡುವುದೇ ಅದನ್ನು.

ಎನ್ತ್-ಚೈಲ್ಡ್ ಪುಟ ತೆರೆದ ಕೂಡಲೇ ಮೇಲೆ ಒಂದು ಆಟದ ಜಾಗ ಕಾಣುತ್ತದೆ. ಒಂದು ಕಡೆ ಕೋಡ್, ಇನ್ನೊಂದು ಕಡೆ ಅದರ ಫಲ. ಅಲ್ಲಿ ಅಥ್ಲೆಟಿಕ್ಸ್ ಚಾಂಪಿಯನ್ನರ ಹೆಸರಿನ ಪಟ್ಟಿ ಇದೆ, ವಿಲ್ಮಾ ರುಡಾಲ್ಫ್ ಮುಂತಾದವರು. ಮೊದಲ ಮೂರು ಹೆಸರಿಗೆ ಕಿತ್ತಳೆ ಚೌಕಟ್ಟು, ಸಮ ಸಂಖ್ಯೆಯ ಸಾಲಿಗೆ ತಿಳಿ ಹಳದಿ. ಆವರಣದೊಳಗಿನ ಅಂಕಿ ಬದಲಿಸಿದರೆ ಸಾಕು, ಪಕ್ಕದಲ್ಲಿ ಬಣ್ಣ ಕುಣಿಯುತ್ತದೆ. ಕುಶಾಲನಗರದಲ್ಲಿ ಪಾಲಿಟೆಕ್ನಿಕ್ ಓದುತ್ತಿರುವ ನನ್ನ ಅಕ್ಕನ ಮಗಳನ್ನು ಇದರ ಮುಂದೆ ಕೂರಿಸಿದೆ. ಅವಳು ಮೊದಲ ಮೂರು ಹೆಸರಿನ ಕೋಡಿನಲ್ಲಿ ಮೈನಸ್ ಎನ್ ನೋಡಿ ನಿಂತುಬಿಟ್ಟಳು. "ಚಿಕ್ಕಮ್ಮ, ಮೈನಸ್ ಸಾಲು ಅಂದರೆ ಎಂತ?" ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ಉತ್ತರ ಆ ಪುಟದಲ್ಲೇ ಇದೆ. ಎಎನ್+ಬಿ ಅನ್ನುವ ಸೂತ್ರದಲ್ಲಿ ಎ, ಬಿ ನಾವು ಕೊಡುವ ಅಂಕಿಗಳು, ಎನ್ ಅನ್ನುವುದು 0, 1, 2, 3 ಅಂತ ಮುಂದಕ್ಕೆ ಹೋಗುತ್ತದೆ. ಸಾಲುಗಳ ಎಣಿಕೆ ಮಾತ್ರ 1ರಿಂದ ಶುರು. 3ಎನ್+4 ಅಂದರೆ 4, 7, 10, 13 ಹೀಗೆ ಸಿಗುತ್ತದೆ. -ಎನ್+3 ಅಂದರೆ ಮೊದಲು 3, ಆಮೇಲೆ 2, ಆಮೇಲೆ 1, ಆಮೇಲೆ 0. ಸೊನ್ನೆಯ ಸಾಲು ಇಲ್ಲ, ಅದರ ಕೆಳಗೂ ಇಲ್ಲ. ಹಾಗಾಗಿ ಮೊದಲ ಮೂರು ಸಾಲು ಮಾತ್ರ ಉಳಿಯುತ್ತವೆ. ಅವಳು ಪೆನ್ನು ಹಿಡಿದು ಕಾಗದದ ಮೇಲೆ ಬರೆದು ನೋಡಿದಳು, ಅರ್ಥವಾಯಿತು. ಜಾವಾಸ್ಕ್ರಿಪ್ಟ್ ಕಲಿತು ಬಂದವರು ಈ ಒಂದು ಕಡೆ ಹುಷಾರಾಗಿರಬೇಕು. ಅಲ್ಲಿ ಅರೇ (ಪಟ್ಟಿ) ಎಣಿಕೆ 0ಯಿಂದ, ಇಲ್ಲಿ ಮಕ್ಕಳ (ಒಂದು ಟ್ಯಾಗಿನ ಒಳಗಿರುವ ಟ್ಯಾಗುಗಳ) ಎಣಿಕೆ 1ರಿಂದ.

ಎಂಟನೆಯದರಿಂದ ಹದಿನೈದನೆಯದರವರೆಗೆ ಮಾತ್ರ ಬೇಕು ಅಂದರೆ ಎರಡು ಎನ್ತ್-ಚೈಲ್ಡ್ ಜೋಡಿಸಬಹುದು: ಎನ್ತ್-ಚೈಲ್ಡ್(ಎನ್+8) ಒಂದು, ಅದಕ್ಕೆ ಅಂಟಿಸಿ ಎನ್ತ್-ಚೈಲ್ಡ್(-ಎನ್+15). ಇದೂ ಆ ಪುಟದ ಉದಾಹರಣೆಯೇ. ಸಣ್ಣ ಉದಾಹರಣೆಗಳನ್ನು ಒಂದರ ಕೆಳಗೊಂದು ಕೊಟ್ಟು, ಪ್ರತಿಯೊಂದಕ್ಕೂ ಯಾವ ಯಾವ ಸಾಲು ಸಿಗುತ್ತದೆ ಅಂತ ಬಿಡಿಸಿ ಬರೆದಿದ್ದಾರೆ. ನನಗೆ ಈ ಭಾಗ ತುಂಬಾ ಇಷ್ಟ. ಸೂತ್ರವನ್ನು ಬಾಯಿಪಾಠ ಮಾಡಿಸುವುದಿಲ್ಲ, ಎಣಿಸಿ ತೋರಿಸುತ್ತದೆ.

ಇಲ್ಲಿಯವರೆಗಿನದು ಬೇರೆ ಕಡೆಯೂ ಸಿಗುತ್ತದೆ. ಎಂಡಿಎನ್ ಬೆಲೆ ಗೊತ್ತಾಗುವುದು ಇದಕ್ಕಿಂತ ಮುಂದಿನ ಹಂತದಲ್ಲಿ. ಅದನ್ನು ನಮ್ಮ ಮಳೆ ಪಟ್ಟಿಯ ಮೂಲಕ ಹೇಳುತ್ತೇನೆ.

ಕೊಡಗಿನ ತೋಟದವರಿಗೆ ಮಳೆ ಲೆಕ್ಕ ಬರೆದಿಡುವ ಅಭ್ಯಾಸ ಹಳೆಯದು. ಬೆಳಿಗ್ಗೆ ಎದ್ದು ಮಳೆಮಾಪಕ ನೋಡುತ್ತಾರೆ, ಇಂಚು-ಸೆಂಟಿನಲ್ಲಿ ಬರೆಯುತ್ತಾರೆ, ಆಮೇಲೆ ಪಕ್ಕದ ತೋಟಕ್ಕೆ ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು ಬಂತು?" ಅಂತ ಕೇಳುತ್ತಾರೆ. ಕಾಫಿ ಹೂ ಬಿಡಿಸುವ ಹೂ ಮಳೆ ಯಾವತ್ತು ಬಂತು, ಎಷ್ಟು ಬಂತು ಅನ್ನುವುದರ ಮೇಲೆ ಆ ವರ್ಷದ ರೊಬಸ್ಟಾ ಫಸಲು ನಿಂತಿರುತ್ತದೆ. 2018ರ ಆಗಸ್ಟಿನ ಮಳೆ ಮತ್ತು ಗುಡ್ಡ ಕುಸಿತ ಆದ ಮೇಲಂತೂ ಈ ಲೆಕ್ಕವನ್ನು ಯಾರೂ ಸುಮ್ನೆ ಬರೆಯುವುದಿಲ್ಲ. ನಮ್ಮ ಸುತ್ತಲಿನ ಕೆಲವು ತೋಟದವರು ಸೇರಿ ಇದಕ್ಕೊಂದು ವೆಬ್ ಪುಟ ಮಾಡಿಸಿದರು. ಒಂದು ದಿನಕ್ಕೆ ನಾಲ್ಕು ಸಾಲು: ಸುಂಟಿಕೊಪ್ಪ, ಮಾದಾಪುರ, ಸೋಮವಾರಪೇಟೆ, ಶನಿವಾರಸಂತೆ. ಒಂದು ಸಾಲು ಬಿಳಿ, ಒಂದು ಸಾಲು ತಿಳಿ ಹಸಿರು. ಟಿಆರ್:ಎನ್ತ್-ಚೈಲ್ಡ್(ಈವನ್) ಅಂತ ಬರೆದರೆ ಆಯಿತು. ಟಿಆರ್ ಅಂದರೆ ಟೇಬಲ್ಲಿನ ಒಂದು ಸಾಲು, ಈವನ್ ಅಂದರೆ ಸಮ ಸಂಖ್ಯೆ. ಸಾಲು ಸಾಲಿಗೂ ಕ್ಲಾಸ್, ಅಂದರೆ ಗುರುತಿನ ಹೆಸರು, ಕೊಡುವ ಕಷ್ಟ ಇಲ್ಲ.

ಆಮೇಲೆ ಅವರು ಊರು ಆರಿಸುವ ಬಟನ್ ಕೇಳಿದರು. ಮಾದಾಪುರ ಒತ್ತಿದರೆ ಮಾದಾಪುರದ ಸಾಲು ಮಾತ್ರ ಕಾಣಬೇಕು. ಉಳಿದ ಸಾಲುಗಳಿಗೆ ಹಿಡನ್ ಅನ್ನುವ ಗುಣ ಸೇರಿಸಿದರೆ ಅವು ಮರೆಯಾಗುತ್ತವೆ. ಬಟನ್ ಬಂದ ಮೇಲೆ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿದರು. "ಎಂತಮ್ಮ ಇದು, ಮಾದಾಪುರ ಒತ್ತಿದರೆ ಎಲ್ಲ ಹಸಿರು, ಸುಂಟಿಕೊಪ್ಪ ಒತ್ತಿದರೆ ಎಲ್ಲ ಬಿಳಿ?" ಅಂದರು. ಅವರಿಗೆ ಕಣ್ಣು ಸ್ವಲ್ಪ ಮಂಜು. ಪಟ್ಟೆ ಇಲ್ಲದಿದ್ದರೆ ಯಾವ ತಾರೀಕಿನ ಎದುರು ಯಾವ ಅಂಕಿ ಅಂತ ಗೊತ್ತಾಗುವುದಿಲ್ಲ. ಬಣ್ಣ ಅಲ್ಲಿ ಅಲಂಕಾರಕ್ಕೆ ಇರುವುದಲ್ಲ, ಓದಲು ಇರುವುದು.

ಕಾರಣ ಸರಳ. ಮರೆಯಾದ ಸಾಲು ಕಣ್ಣಿಗೆ ಕಾಣದಿದ್ದರೂ ಪುಟದ ಮೂಲ ಬರಹವಾದ ಎಚ್‌ಟಿಎಂಎಲ್ ಒಳಗೆ ಇದ್ದೇ ಇರುತ್ತದೆ. ಬ್ರೌಸರ್ ಎಣಿಸುವಾಗ ಅದನ್ನೂ ಎಣಿಸುತ್ತದೆ. ಮಾದಾಪುರದ ಸಾಲುಗಳು 2, 6, 10, 14. ಎಲ್ಲವೂ ಸಮ, ಎಲ್ಲವೂ ಹಸಿರು. ಸುಂಟಿಕೊಪ್ಪದ್ದು 1, 5, 9, 13. ಎಲ್ಲವೂ ಬೆಸ, ಎಲ್ಲವೂ ಬಿಳಿ. ಇದಕ್ಕೆ ಹುಡುಕಿದಾಗ ಸಿಕ್ಕ ಹಳೆಯ ಸಲಹೆಗಳೆಲ್ಲ ಒಂದೇ ದಾರಿ ಹೇಳುತ್ತಿದ್ದವು: ಜಾವಾಸ್ಕ್ರಿಪ್ಟ್‌ನಲ್ಲಿ ಕಾಣುವ ಸಾಲುಗಳನ್ನು ಎಣಿಸಿ, ಒಂದೊಂದಕ್ಕೂ ಕ್ಲಾಸ್ ಹಚ್ಚಿ. ಎಂಡಿಎನ್ ಪುಟದಲ್ಲಿ ಇದೇ ತೊಂದರೆಗೆ ಅಂತ ಒಂದು ಉದಾಹರಣೆ ಇಟ್ಟಿದ್ದಾರೆ. ಸಾಲು ಮರೆಯಾದಾಗ ಪಟ್ಟೆ ಕೆಟ್ಟುಹೋದ ಟೇಬಲ್ ಒಂದು, ಅದನ್ನು ಸರಿ ಮಾಡಿದ ಟೇಬಲ್ ಒಂದು. ಪರಿಹಾರ ಒಂದೇ ಸಾಲು: ಟಿಆರ್:ಎನ್ತ್-ಚೈಲ್ಡ್(ಈವನ್ ಆಫ್ :ನಾಟ್([ಹಿಡನ್])). ಮರೆಯಾಗದ ಸಾಲುಗಳನ್ನು ಮಾತ್ರ ಎಣಿಸಿ, ಅದರಲ್ಲಿ ಸಮ ಸಂಖ್ಯೆಯವಕ್ಕೆ ಬಣ್ಣ ಕೊಡು ಅಂತ.

ಈ 'ಆಫ್' ಭಾಗವನ್ನು ಅವರು ವಿವರಿಸಿದ ರೀತಿಗೇ ನಾನು ಒಂದು ನಕ್ಷತ್ರ ಪೂರ್ತಿ ಕೊಡುತ್ತೇನೆ. ಯಾಕೆಂದರೆ ಎನ್ತ್-ಚೈಲ್ಡ್ ಬಗ್ಗೆ ಜನಕ್ಕಿರುವ ದೊಡ್ಡ ಗೊಂದಲ ಇಲ್ಲೇ ಇರುವುದು. .ಕೆಂಪು:ಎನ್ತ್-ಚೈಲ್ಡ್(2) ಅಂತ ಬರೆದರೆ ಹೆಚ್ಚಿನವರು ಅಂದುಕೊಳ್ಳುವುದು 'ಕೆಂಪು ಕ್ಲಾಸಿನವುಗಳಲ್ಲಿ ಎರಡನೆಯದು' ಅಂತ. ಹಾಗಲ್ಲ. ಶಾಲೆಯ ಪ್ರಾರ್ಥನೆ ಸಾಲು ನೆನೆಸಿಕೊಳ್ಳಿ. ಮಡಿಕೇರಿಯ ಚಳಿಗೆ ಕೆಲವು ಮಕ್ಕಳು ಕೆಂಪು ಸ್ವೆಟರ್, ಕೆಲವರು ನೀಲಿ ಸ್ವೆಟರ್ ಹಾಕಿ ನಿಂತಿದ್ದಾರೆ. ಸಾಲಿನಲ್ಲಿ ಎರಡನೆಯ ಜಾಗದಲ್ಲಿ ನಿಂತ ಮಗು ಕೆಂಪು ಸ್ವೆಟರ್ ಹಾಕಿದ್ದರೆ ಮಾತ್ರ ಆ ಕೋಡ್ ಅವನನ್ನು ಹಿಡಿಯುತ್ತದೆ. ಎರಡನೆಯವನು ನೀಲಿ ಹಾಕಿದ್ದರೆ ಯಾರೂ ಸಿಗುವುದಿಲ್ಲ. ಎನ್ತ್-ಚೈಲ್ಡ್(2 ಆಫ್ .ಕೆಂಪು) ಅಂತ ಬರೆದರೆ ಮೊದಲು ಕೆಂಪು ಸ್ವೆಟರಿನವರನ್ನು ಮಾತ್ರ ಎಣಿಸಿ ಅವರಲ್ಲಿ ಎರಡನೆಯವನನ್ನು ಹಿಡಿಯುತ್ತದೆ. ಎಂಡಿಎನ್ ಈ ಎರಡನ್ನೂ ಒಂದೇ ಪಟ್ಟಿಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಓದಿದ ಮೇಲೆ ಮತ್ತೆ ಮರೆಯುವುದಿಲ್ಲ.

ಎನ್ತ್-ಆಫ್-ಟೈಪ್ ಅನ್ನುವುದೂ ಒಂದಿದೆ. ಅದು ಟ್ಯಾಗಿನ ಹೆಸರು ನೋಡಿ ಎಣಿಸುತ್ತದೆ, ಕ್ಲಾಸ್ ನೋಡುವುದಿಲ್ಲ. ಮಳೆ ಪಟ್ಟಿಯ ಎಲ್ಲ ಸಾಲೂ ಟಿಆರ್ ಆಗಿರುವುದರಿಂದ ಅಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ. ಒಂದು ಬರಹದೊಳಗೆ ಚಿತ್ರಗಳೂ ಪ್ಯಾರಾಗಳೂ ಬೆರೆತಿದ್ದು, ಚಿತ್ರಗಳನ್ನು ಮಾತ್ರ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಇಡಬೇಕಾದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಮಳೆ ಪಟ್ಟಿಯಲ್ಲಿ ಇನ್ನೂ ಎರಡು ವಿಷಯ ಇವೆ. ಎರಡಕ್ಕೂ ದಾರಿ ಸಿಕ್ಕಿದ್ದು ಎಂಡಿಎನ್‌ನ ಅಕ್ಕಪಕ್ಕದ ಪುಟಗಳಲ್ಲಿ.

ಒಂದು, ಹೊಸ ದಿನದ ಲೆಕ್ಕ ಮೇಲೆ ಬಂದು ಕೂರುತ್ತದೆ. ಭಾಗಮಂಡಲದ ಲೆಕ್ಕವೂ ಬೇಕು ಅಂತ ತೀರ್ಮಾನವಾಗಿ ದಿನಕ್ಕೆ ಐದು ಸಾಲು ಆದವು. ಮೇಲೆ ಐದು ಸಾಲು ಸೇರಿದರೆ ಕೆಳಗಿನ ಎಲ್ಲ ಸಾಲಿನ ಸಂಖ್ಯೆಯೂ ಐದು ಮುಂದಕ್ಕೆ ಹೋಗುತ್ತದೆ, ಸಮ ಇದ್ದದ್ದು ಬೆಸ ಆಗುತ್ತದೆ. ನಿನ್ನೆ ಬಿಳಿ ಇದ್ದ ಸಾಲು ಇವತ್ತು ಹಸಿರು. ಎನ್ತ್-ಲಾಸ್ಟ್-ಚೈಲ್ಡ್ ಬಳಸಿದರೆ ಎಣಿಕೆ ಕೆಳಗಿನಿಂದ ಶುರುವಾಗುತ್ತದೆ. ಮೇಲೆ ಎಷ್ಟು ಸಾಲು ಸೇರಿದರೂ ಹಳೆಯ ಸಾಲಿನ ಬಣ್ಣ ಬದಲಾಗುವುದಿಲ್ಲ. 'ಆಫ್' ಇದಕ್ಕೂ ಹಾಕಬಹುದು. ಮೇಲಿನಿಂದ ಬೆಳೆಯುವ ಯಾವ ಪಟ್ಟಿಗೂ ನಾನು ಈಗ ಇದನ್ನೇ ಬಳಸುತ್ತೇನೆ.

ಇನ್ನೊಂದು, ತಿಂಗಳ ಹೆಸರಿನ ಸಾಲು. ಜೂನ್, ಜುಲೈ ಅಂತ ನಡುನಡುವೆ ಬರುವ ಸಾಲುಗಳೂ ಎಣಿಕೆಯಲ್ಲಿ ಸೇರಿಕೊಳ್ಳುತ್ತವೆ. ಇಲ್ಲಿ ಸಿಎಸ್‌ಎಸ್ ಜೊತೆ ಗುದ್ದಾಡುವುದಕ್ಕಿಂತ ಎಚ್‌ಟಿಎಂಎಲ್ ಸರಿ ಮಾಡುವುದೇ ಒಳ್ಳೆಯದು. ಸಾಲುಗಳನ್ನು ಗುಂಪು ಮಾಡುವ ಟ್ಯಾಗಿಗೆ ಟಿಬಾಡಿ ಅಂತ ಹೆಸರು. ಒಂದು ಟೇಬಲ್ಲಿನಲ್ಲಿ ಎಷ್ಟು ಟಿಬಾಡಿ ಬೇಕಾದರೂ ಇಡಬಹುದು. ತಿಂಗಳಿಗೊಂದು ಟಿಬಾಡಿ ಇಟ್ಟರೆ ಎಣಿಕೆ ಪ್ರತಿ ತಿಂಗಳೂ ಹೊಸದಾಗಿ ಶುರು. ಯಾಕೆಂದರೆ ಒಂದೇ ಟ್ಯಾಗಿನ ನೇರ ಒಳಗೆ ಇರುವವು ಮಾತ್ರ ಒಡಹುಟ್ಟಿದವು. ಜೂನ್ ಟಿಬಾಡಿಯ ಸಾಲಿಗೆ ಜುಲೈ ಟಿಬಾಡಿಯ ಸಾಲು ಲೆಕ್ಕಕ್ಕಿಲ್ಲ. ತಿಂಗಳ ಹೆಸರನ್ನು ಆಯಾ ಟಿಬಾಡಿಯ ಫಸ್ಟ್-ಚೈಲ್ಡ್ (ಮೊದಲ ಸಾಲು) ಮಾಡಿ ಅದಕ್ಕೊಂದು ಗಾಢ ಬಣ್ಣ ಕೊಟ್ಟರೆ ಮುಗಿಯಿತು.

ಈಗ ಪುಟದ ತುತ್ತತುದಿಗೆ ಬರೋಣ. ಅಲ್ಲಿ ಯಾವ ಬ್ರೌಸರಿನ ಯಾವ ಆವೃತ್ತಿಯಿಂದ ಇದು ಕೆಲಸ ಮಾಡುತ್ತದೆ ಅನ್ನುವ ಟೇಬಲ್ ಇದೆ. ಹೊಸಬರು ಅಲ್ಲಿಯವರೆಗೆ ಇಳಿಯುವುದೇ ಇಲ್ಲ. ಇಳಿಯಬೇಕು. ಎನ್ತ್-ಚೈಲ್ಡ್ ಹಳೆಯದು, ಸೆಲೆಕ್ಟರ್ಸ್ ಲೆವೆಲ್ 3 ಅನ್ನುವ ಮಾನದಂಡ 2011ರಲ್ಲೇ ಅಧಿಕೃತವಾಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಇದು ಗೊತ್ತಿರಲಿಲ್ಲ, 9ಕ್ಕೆ ಗೊತ್ತಿತ್ತು. 'ಆಫ್' ಕಥೆ ಬೇರೆ. ಸಫಾರಿಯಲ್ಲಿ ಅದು 2015ರಲ್ಲಿ, 9ನೇ ಆವೃತ್ತಿಯಲ್ಲೇ ಬಂತು. ಕ್ರೋಮ್‌ಗೆ ಬಂದದ್ದು 2023ರ ಮಾರ್ಚಿನಲ್ಲಿ, 111ನೇ ಆವೃತ್ತಿಯಲ್ಲಿ. ಫೈರ್‌ಫಾಕ್ಸ್‌ಗೆ ಅದೇ ವರ್ಷ ಮೇ ತಿಂಗಳಲ್ಲಿ, 113ರಲ್ಲಿ. ಎಂಡಿಎನ್ ಬರೀ ಎನ್ತ್-ಚೈಲ್ಡ್ ಮತ್ತು 'ಆಫ್' ಎರಡನ್ನೂ ಒಂದೇ ಅಂತ ಸೇರಿಸಿಬಿಡದೆ, 'ಆಫ್'ಗೆ ಬೇರೆ ಸಾಲು ಕೊಟ್ಟಿದೆ.

ನಮ್ಮಲ್ಲಿ ಇದು ಸಣ್ಣ ವಿಷಯವಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿರುವ ಫೋನು ಹಳೆಯದಿರುತ್ತದೆ. ಆಂಡ್ರಾಯ್ಡ್ 6 ಇರುವ ಫೋನಿನಲ್ಲಿ ಕ್ರೋಮ್ 106ಕ್ಕೇ ನಿಂತುಹೋಗುತ್ತದೆ. ಆಮೇಲೆ ಅಪ್‌ಡೇಟ್ ಬರುವುದಿಲ್ಲ. ಅಂಥ ಫೋನಿಗೆ 'ಆಫ್' ಅರ್ಥವಾಗುವುದಿಲ್ಲ, ಅರ್ಥವಾಗದ ಸೆಲೆಕ್ಟರ್ (ಯಾರಿಗೆ ಬಣ್ಣ ಅಂತ ಆರಿಸುವ ಭಾಗ) ಇದ್ದರೆ ಬ್ರೌಸರ್ ಆ ಇಡೀ ನಿಯಮವನ್ನೇ ಬಿಟ್ಟುಬಿಡುತ್ತದೆ. ಕಾಮಾ ಹಾಕಿ ಹಳೆಯ ಸೆಲೆಕ್ಟರ್ ಜೊತೆ ಸೇರಿಸಿ ಬರೆದರೆ ಅದೂ ಹೋಗುತ್ತದೆ. ಹಾಗಾಗಿ ಹಳೆಯದನ್ನು ಮೊದಲು, ಹೊಸದನ್ನು ಅದರ ಕೆಳಗೆ ಬೇರೆ ನಿಯಮವಾಗಿ ಬರೆಯಬೇಕು. ಹೊಸದರಲ್ಲಿ ಸಮ ಸಾಲಿಗೆ ಹಸಿರು ಕೊಟ್ಟರೆ ಸಾಲದು, ಬೆಸ ಸಾಲಿಗೆ ಬಿಳಿಯನ್ನೂ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಹಳೆಯ ನಿಯಮ ಹಚ್ಚಿದ ಹಸಿರು ಹಾಗೇ ಉಳಿಯುತ್ತದೆ. ಎರಡು ನಿಯಮ ಎದುರಾದಾಗ ತೂಕ ಜಾಸ್ತಿ ಇರುವುದು ಗೆಲ್ಲುತ್ತದೆ. 'ಆಫ್' ಇರುವ ಸೆಲೆಕ್ಟರ್‌ಗೆ ತೂಕ ಜಾಸ್ತಿ, ಒಳಗಿನ :ನಾಟ್([ಹಿಡನ್]) ತೂಕವೂ ಅದಕ್ಕೆ ಸೇರುತ್ತದೆ. ಆದ್ದರಿಂದ ಅದು ಗೆಲ್ಲುತ್ತದೆ. ಹಳೆಯ ಫೋನಿನಲ್ಲಿ ಊರು ಆರಿಸಿದಾಗ ಮಾತ್ರ ಪಟ್ಟೆ ಕೆಡಬಹುದು. ಪೂರ್ತಿ ಪಟ್ಟಿ ನೋಡುವಾಗ ಸರಿ ಇರುತ್ತದೆ. ಅಷ್ಟು ಸಾಕು.

ಕಾಫಿ ರೇಟಿನ ಪಟ್ಟಿಗೆ ಬೇಕಾದದ್ದು ಸಾಲಲ್ಲ, ಕಾಲಮ್. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ, ಐವತ್ತು ಕಿಲೋ ಚೀಲಕ್ಕೆ ಇಷ್ಟು. ಕೊನೆಗೆ ಕರಿಮೆಣಸು, ಕಿಲೋಗೆ ಇಷ್ಟು. ಅಂಕಿಗಳೆಲ್ಲ ಬಲಕ್ಕೆ ಒತ್ತಿ ನಿಂತರೆ ಓದಲು ಸುಲಭ. ಟಿಡಿ ಅಂದರೆ ಟೇಬಲ್ಲಿನ ಒಂದು ಖಾನೆ. ಟಿಡಿ:ಎನ್ತ್-ಚೈಲ್ಡ್(ಎನ್+2) ಅಂದರೆ ಎರಡನೇ ಖಾನೆಯಿಂದ ಮುಂದಿನದೆಲ್ಲ ಸಿಗುತ್ತದೆ. ಅಂಕಿಗಳನ್ನು ಹೀಗೆ ಬಲಕ್ಕೆ ಒತ್ತಲು ಎನ್ತ್-ಚೈಲ್ಡ್ ಯಾಕೆ ಬೇಕು, ಕಾಲಮ್ಮಿಗೇ ಇರುವ ಕೋಲ್ ಟ್ಯಾಗ್ ಯಾಕೆ ಸಾಲದು ಅನ್ನುವುದನ್ನೂ ಎಂಡಿಎನ್ ಹೇಳುತ್ತದೆ: ಖಾನೆಗಳು ಕೋಲ್ ಟ್ಯಾಗಿನ ಮಕ್ಕಳಲ್ಲ, ಸಾಲಿನ ಮಕ್ಕಳು. ಒಂದು ಎಚ್ಚರಿಕೆ ನನ್ನ ಕಡೆಯಿಂದ. ಯಾವುದಾದರೂ ಸಾಲಿನಲ್ಲಿ ಎರಡು ಖಾನೆ ಕೂಡಿಸಿದ್ದರೆ ಆ ಸಾಲಿನ ಎಣಿಕೆ ಬೇರೆಯಾಗುತ್ತದೆ. ಎನ್ತ್-ಚೈಲ್ಡ್ ಎಣಿಸುವುದು ಟ್ಯಾಗನ್ನು, ಕಣ್ಣಿಗೆ ಕಾಣುವ ಕಾಲಮನ್ನಲ್ಲ.

ಹೋಂಸ್ಟೇ ಪುಟಗಳಿಗೆ ನಾನು ಹೆಚ್ಚು ಬಳಸುವುದು ಎನ್ತ್-ಲಾಸ್ಟ್-ಚೈಲ್ಡ್ ಪುಟದ ಇನ್ನೊಂದು ಉಪಾಯ. ಇದು ನನಗೆ ಈಗಲೂ ಖುಷಿ ಕೊಡುತ್ತದೆ. ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಸಿಎಸ್‌ಎಸ್‌ಗೇ ಎಣಿಸಲು ಹೇಳಬಹುದು! ಎಲ್‌ಐ ಅಂದರೆ ಪಟ್ಟಿಯ ಒಂದು ಅಂಶ. ಎಲ್‌ಐ:ಎನ್ತ್-ಲಾಸ್ಟ್-ಚೈಲ್ಡ್(ಎನ್+3) ಅಂದರೆ ಕೊನೆಯಿಂದ ಎಣಿಸಿದಾಗ ಮೂರನೆಯದು ಅಥವಾ ಅದಕ್ಕಿಂತ ಮೇಲಿನದು. ಪಟ್ಟಿಯಲ್ಲಿ ಎರಡೇ ಇದ್ದರೆ ಅಂಥದ್ದು ಯಾವುದೂ ಇಲ್ಲ. ಮೂರು ಅಥವಾ ಜಾಸ್ತಿ ಇದ್ದರೆ ಮೇಲಿನವು ಸಿಗುತ್ತವೆ, ಅದರ ಮುಂದೆ ಅಲೆ ಚಿಹ್ನೆ (~) ಹಾಕಿ ಎಲ್‌ಐ ಅಂತ ಬರೆದರೆ ಆಮೇಲೆ ಬರುವ ತಮ್ಮ-ತಂಗಿಯರೆಲ್ಲ ಸಿಗುತ್ತಾರೆ. ಎರಡನ್ನೂ ಕಾಮಾ ಹಾಕಿ ಸೇರಿಸಿದರೆ, ಮೂರಕ್ಕಿಂತ ಕಡಿಮೆ ಇಲ್ಲದ ಪಟ್ಟಿಗೆ ಮಾತ್ರ ಅನ್ವಯಿಸುವ ನಿಯಮ ಸಿದ್ಧ.

ನಾಪೋಕ್ಲು ಕಡೆಯ ಒಂದು ಮನೆಯವರಲ್ಲಿ ಬಾಡಿಗೆಗೆ ಕೊಡುವುದು ಒಂದೇ ರೂಮು. ಮಡಿಕೇರಿ ಹತ್ತಿರದ ಇನ್ನೊಬ್ಬರಲ್ಲಿ ಆರು. ಇಬ್ಬರಿಗೂ ಒಂದೇ ಸಿಎಸ್‌ಎಸ್ ಕೊಟ್ಟಿದ್ದೇನೆ. ಒಂದೇ ಇದ್ದರೆ ಓನ್ಲಿ-ಚೈಲ್ಡ್ (ಒಬ್ಬನೇ ಮಗು) ನಿಯಮ ಹಿಡಿದು ಫೋಟೋ ಪೂರ್ತಿ ಅಗಲಕ್ಕೆ ಬರುತ್ತದೆ. ಮೂರು ಅಥವಾ ಜಾಸ್ತಿ ಇದ್ದರೆ ಸಣ್ಣ ಚೌಕಗಳಾಗುತ್ತವೆ. ಮನೆಯವರು ರೂಮು ಸೇರಿಸಿದರೆ, ಮಳೆಗಾಲದಲ್ಲಿ ಒಂದೆರಡು ಮುಚ್ಚಿದರೆ ನನಗೆ ಫೋನ್ ಮಾಡಬೇಕಿಲ್ಲ. ಪಟ್ಟಿಯಿಂದ ತೆಗೆದರೆ ಪುಟ ತಾನೇ ಸರಿಹೋಗುತ್ತದೆ.

ಹಾಕಿ ಬಗ್ಗೆ ಹೇಳದೆ ಇರಲಾರೆ. ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬವನ್ನು ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ ಇದ್ದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360. ಅಷ್ಟು ದೊಡ್ಡದರ ಕೆಲಸ ನನ್ನದಲ್ಲ. ನಾನು ಮಾಡುವುದು ಊರಿನ ಸಣ್ಣ ಟೂರ್ನಿಗಳ ಟೈ ಶೀಟ್, ಅಂದರೆ ಪಂದ್ಯಗಳ ಜೋಡಿ ಪಟ್ಟಿ. ಅಲ್ಲಿ ಎರಡೆರಡು ತಂಡ ಒಂದು ಜೋಡಿ. ಎನ್ತ್-ಚೈಲ್ಡ್(2ಎನ್) ಕೆಳಗೆ ದಪ್ಪ ಗೆರೆ ಎಳೆದರೆ ಯಾರ ಎದುರು ಯಾರು ಅಂತ ದೂರದಿಂದಲೇ ಕಾಣುತ್ತದೆ.

ಇಷ್ಟೆಲ್ಲ ಬರೆಯುವಾಗ ನಿಮ್ಮ ಸೆಲೆಕ್ಟರ್ ನಿಜವಾಗಿ ಯಾರನ್ನು ಹಿಡಿಯುತ್ತಿದೆ ಅಂತ ನೋಡುವುದು ಮುಖ್ಯ. ಫೈರ್‌ಫಾಕ್ಸ್‌ನಲ್ಲಿ ಪುಟದ ಕೋಡ್ ಬಿಚ್ಚಿ ತೋರಿಸುವ ಇನ್ಸ್‌ಪೆಕ್ಟರಿನಲ್ಲಿ ಸೆಲೆಕ್ಟರ್ ಪಕ್ಕ ಒಂದು ಗುರಿಯ ಚಿಹ್ನೆ ಇರುತ್ತದೆ. ಒತ್ತಿದರೆ ಪುಟದಲ್ಲಿ ಅದು ಹಿಡಿದ ಎಲ್ಲವೂ ಮಿನುಗುತ್ತವೆ. ಕ್ರೋಮ್‌ನಲ್ಲಿ ಸೆಲೆಕ್ಟರ್ ಮೇಲೆ ಮೌಸ್ ಇಟ್ಟರೆ ಸಾಕು. ಎಂಡಿಎನ್ ಒಂದು ಟ್ಯಾಬಿನಲ್ಲಿ, ನಿಮ್ಮ ಪುಟ ಇನ್ನೊಂದು ಟ್ಯಾಬಿನಲ್ಲಿ ಇಟ್ಟುಕೊಂಡು ಕಲಿತರೆ ಬೇಗ ಹತ್ತುತ್ತದೆ.

ಈಗ ಆ ಅರ್ಧ ನಕ್ಷತ್ರ. ಮುಖ್ಯ ಕಾರಣ ಭಾಷೆ. ಭಾಷೆ ಆರಿಸುವ ಪಟ್ಟಿಯಲ್ಲಿ ಜಪಾನಿ ಇದೆ, ಕೊರಿಯನ್ ಇದೆ, ರಷ್ಯನ್, ಫ್ರೆಂಚ್, ಸ್ಪ್ಯಾನಿಷ್, ಚೀನೀ ಇವೆ. ಕನ್ನಡ ಇಲ್ಲ. ಭಾರತದ ಯಾವ ಭಾಷೆಯೂ ಇಲ್ಲ. ನನ್ನ ಅಕ್ಕನ ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು. ಅವಳಿಗೆ ಎಣಿಕೆ ಕಷ್ಟವಾಗಲಿಲ್ಲ, ಸೂತ್ರ ಕಷ್ಟವಾಗಲಿಲ್ಲ. ಕಷ್ಟವಾದದ್ದು ಉದ್ದುದ್ದ ಇಂಗ್ಲಿಷ್ ವಾಕ್ಯ. ಅವಳ ಜೊತೆ ನಾನು ಕೂತಿದ್ದೆ, ಹಾಗಾಗಿ ದಾಟಿದಳು. ಎಲ್ಲರಿಗೂ ಪಕ್ಕದಲ್ಲಿ ಚಿಕ್ಕಮ್ಮ ಇರುವುದಿಲ್ಲ ಅಲ್ವಾ?

ಎರಡನೆಯದು ಜೋಡಣೆ. ಅಷ್ಟು ಮುಖ್ಯವಾದ 'ಆಫ್' ವ್ಯತ್ಯಾಸದ ಉದಾಹರಣೆ ಪುಟದಲ್ಲಿ ತುಂಬಾ ಕೆಳಗಿದೆ. ಮೇಲಿನ ಆಟದ ಜಾಗದಲ್ಲಿ ಆಡಿ ಹೊರಟುಹೋಗುವವರಿಗೆ ಅದು ಕಾಣುವುದೇ ಇಲ್ಲ. ನನ್ನನ್ನು ಕೇಳಿದರೆ ಅದನ್ನು ಸೂತ್ರಕ್ಕಿಂತ ಮೊದಲೇ ಇಡಬೇಕು. ಜಾಹೀರಾತು ಇರುತ್ತದೆ, ಓದಿಗೆ ಅಡ್ಡ ಬರುವುದಿಲ್ಲ, ಅದರ ಬಗ್ಗೆ ದೂರಿಲ್ಲ.

ಮಳೆಗಾಲದಲ್ಲಿ ಬಳಸುವವರಿಗೆ ಒಂದು ಉಪಯೋಗದ ಮಾತು. ಜೂನ್ ಬಂತೆಂದರೆ ಇಲ್ಲಿ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕ್ ಕೂಡ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೂ ಓದಲು ಏನೂ ಸಿಗುವುದಿಲ್ಲ. ಡೆವ್‌ಡಾಕ್ಸ್ ಅನ್ನುವ ಇನ್ನೊಂದು ಉಚಿತ ತಾಣ ಎಂಡಿಎನ್‌ನ ಸಿಎಸ್‌ಎಸ್ ಬರಹವನ್ನೇ ಆಫ್‌ಲೈನ್ ಓದಲು ಕೊಡುತ್ತದೆ. ಮೇ ತಿಂಗಳಲ್ಲೇ ಸಿಎಸ್‌ಎಸ್ ಮತ್ತು ಎಚ್‌ಟಿಎಂಎಲ್ ಎರಡನ್ನೂ ಇಳಿಸಿಟ್ಟುಕೊಳ್ಳಿ. ಆಟದ ಜಾಗ ಅಲ್ಲಿ ಸಿಗುವುದಿಲ್ಲ, ಬರಹ ಮತ್ತು ಉದಾಹರಣೆಯ ಕೋಡ್ ಸಿಗುತ್ತವೆ. ಕೋಡಿನ ಪ್ರತಿ ಇಳಿಸಿಕೊಳ್ಳುವ ಗಿಟ್ ಬಳಸಿ ಗೊತ್ತಿದ್ದವರು ಎಂಡಿಎನ್‌ನ ಇಡೀ ಬರಹದ ಪ್ರತಿಯನ್ನೇ ತೆಗೆದಿಟ್ಟುಕೊಳ್ಳಬಹುದು.

ಸಿಬ್ಲಿಂಗ್-ಇಂಡೆಕ್ಸ್ ಅನ್ನುವ ಹೊಸದೂ ಬಂದಿದೆ. ಇದು ಸೂಡೊ-ಕ್ಲಾಸ್ ಅಲ್ಲ, ಒಂದು ಫಂಕ್ಷನ್. ತಾನು ಎಷ್ಟನೆಯದು ಅನ್ನುವ ಅಂಕಿಯನ್ನೇ ಲೆಕ್ಕಕ್ಕೆ ಕೊಡುತ್ತದೆ. ಫೋಟೋಗಳು ಒಂದಾದ ಮೇಲೊಂದು ಮೂಡಿ ಬರುವಂತೆ ಮಾಡಲು ಚೆನ್ನ. ಕ್ರೋಮ್‌ಗೆ 2025ರಲ್ಲಿ, 138ರಲ್ಲಿ ಬಂತು. ಗಿರಾಕಿಗಳ ಪುಟದಲ್ಲಿ ನಾನು ಇದನ್ನು ಇನ್ನೂ ಬಳಸುತ್ತಿಲ್ಲ, ಹಳೆಯ ಫೋನುಗಳ ಕಾರಣಕ್ಕೆ.

ಎಂಡಿಎನ್ ಬರಹಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ. ಮೂಲ ಯಾವುದು ಅಂತ ಹೇಳಿ, ಅದೇ ಷರತ್ತಿನಲ್ಲಿ ಹಂಚುವುದಾದರೆ ಯಾರು ಬೇಕಾದರೂ ಅನುವಾದಿಸಬಹುದು. ಅಕ್ಕನ ಮಗಳೂ ನಾನೂ ಸೇರಿ ಎನ್ತ್-ಚೈಲ್ಡ್ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಅವಳ ಕ್ಲಾಸಿನವರು ಓದಿ ಎಲ್ಲಿ ಅರ್ಥವಾಗಲಿಲ್ಲ ಅಂತ ಗುರುತು ಹಾಕಿ ಕೊಡುತ್ತಿದ್ದಾರೆ. ಸೂತ್ರದ ಭಾಗ ಮುಗಿದಿದೆ. 'ಆಫ್' ಭಾಗ ಮತ್ತು ಬ್ರೌಸರ್ ಟೇಬಲ್ ಬಾಕಿ ಇವೆ.